ಹಿಂಸೆಯ ಹಾಡು ಕೇಳ್ತಾ ಕೇಳ್ತಾ ಮನಸ್ಸು ಕಲ್ಲಾಗುತ್ತಾ? ಮೆಟಲ್ ಸಂಗೀತದ ಬೆನ್ನು ಹತ್ತಿದ ವಿಜ್ಞಾನಿಗಳು

[ಕಪ್ಪು ಪರದೆ. ಡ್ರಮ್ಸ್ ಸದ್ದು ಏರ್ತಾ ಬಂದು ಥಟ್ ಅಂತ ನಿಲ್ಲುತ್ತೆ.]

ಮೆಟಲ್ ಅಂದ್ರೆ ಗಿಟಾರ್, ಡ್ರಮ್ಸ್ ಅಬ್ಬರದ ರಾಕ್ ಸಂಗೀತ; ಡೆತ್ ಮೆಟಲ್ ಅದರದ್ದೇ ಒಂದು ಉಗ್ರ ಬಗೆ. ಯಾವುದಾದ್ರೂ ಡೆತ್ ಮೆಟಲ್ ಹಾಡಿನ ಸಾಹಿತ್ಯ ಹುಡುಕಿ ಓದಿ ನೋಡಿ. ಕೊಲೆ, ರಕ್ತ, ಕೊಳೆತ ಹೆಣ. ಇದನ್ನೇ ದಿನಾ ಕಿವಿಗೆ ತುಂಬಿಕೊಳ್ಳೋರ ಮನಸ್ಸು ಏನಾಗುತ್ತೆ? ಬೇರೆಯವರ ನೋವು ಕಂಡಾಗ ಒಳಗೆ ಚುರುಕ್ ಅನ್ನೋದು ನಿಂತುಹೋಗುತ್ತಾ? ಮಕ್ಕಳ ಹೆಡ್‌ಫೋನ್‌ನಿಂದ ಆ ಕಿರುಚಾಟ ಕೇಳಿಸಿಕೊಂಡ ಅಪ್ಪ ಅಮ್ಮಂದಿರ ಪ್ರಶ್ನೆ ಇದು. ಆ ಮಕ್ಕಳದ್ದೂ ಒಂದು ಪ್ರಶ್ನೆ ಇರುತ್ತೆ: ನಮ್ಮನ್ನ ಕೇಳದೇನೇ ಯಾಕೆ ತೀರ್ಮಾನ ಮಾಡ್ತೀರಾ? ಇವತ್ತು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡೋಣ.

ಇತಿಹಾಸ ಬೇಗ ದಾಟಿಬಿಡೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. 1970ರಲ್ಲಿ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಂ ಬಂತು. ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿಗೇ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಕಳಕೊಂಡಿದ್ದರು. ಬೆರಳಿಗೆ ಕೃತಕ ತುದಿ ಹಾಕಿಕೊಂಡು ನುಡಿಸಿದರು, ಮುಂದೆ ತಂತಿಗಳನ್ನೂ ಸಡಿಲ ಮಾಡಿಕೊಂಡರು. ಆ ತಗ್ಗಿನ, ಭಾರದ ದನಿಯೇ ಮೆಟಲ್ ಸಂಗೀತದ ಗುರುತಾಯ್ತು.

[ಪರದೆ ಮೇಲೆ: 1985, ಅಮೆರಿಕದ ಸೆನೆಟ್]

ಇನ್ನು ಆರೋಪಗಳ ಕಾಲ. 1985ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಮುಂದೆ ಹಾಡುಗಳ ಸಾಹಿತ್ಯದ ಬಗ್ಗೆ ವಿಚಾರಣೆ ನಡೀತು. ಟ್ವಿಸ್ಟೆಡ್ ಸಿಸ್ಟರ್ ಬ್ಯಾಂಡಿನ ಗಾಯಕ ಡೀ ಸ್ನೈಡರ್ ಅಲ್ಲಿ ಸಾಕ್ಷಿ ಹೇಳಿದರು. ಅವರ ಒಂದು ಹಾಡು ಲೈಂಗಿಕ ಹಿಂಸೆಯ ಬಗ್ಗೆ ಇದೆ ಅನ್ನೋದು ಆರೋಪ. ಅದು ನಮ್ಮ ಗಿಟಾರಿಸ್ಟ್‌ಗೆ ಆಗಬೇಕಿದ್ದ ಗಂಟಲಿನ ಆಪರೇಷನ್ ಬಗ್ಗೆ, ಆ ಭಯದ ಬಗ್ಗೆ ಬರೆದ ಹಾಡು ಅಂತ ಸ್ನೈಡರ್ ಉತ್ತರ ಕೊಟ್ಟರು. 1990ರಲ್ಲಿ ನೆವಾಡಾದ ರೀನೋ ನಗರದಲ್ಲಿ ಜೂಡಾಸ್ ಪ್ರೀಸ್ಟ್ ಬ್ಯಾಂಡನ್ನ ಕೋರ್ಟಿಗೇ ಎಳೆದರು. ಇಬ್ಬರು ಹುಡುಗರು ಗುಂಡು ಹಾರಿಸಿಕೊಂಡಿದ್ದಕ್ಕೆ ಹಾಡಿನಲ್ಲಿ ಅಡಗಿಸಿಟ್ಟ ಸಂದೇಶ ಕಾರಣ ಅಂತ ಮೊಕದ್ದಮೆ. ತೀರ್ಪು ಬ್ಯಾಂಡಿನ ಪರವಾಗಿ ಬಂತು.

ಇಷ್ಟೆಲ್ಲ ಗದ್ದಲ ಆಗ್ತಿದ್ದಾಗ ಕೇಳುಗರನ್ನ ಕೂರಿಸಿಕೊಂಡು ಮಾತಾಡಿಸಿದವರು ಬಹಳ ಕಡಿಮೆ. ಅದನ್ನ ಮಾಡಿದವರು ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಸಂಗೀತಶಾಸ್ತ್ರದ ಕೆಲವೇ ಜನ. 1991ರಲ್ಲಿ ಷಿಕಾಗೋದ ಡೀಪಾಲ್ ವಿಶ್ವವಿದ್ಯಾಲಯದ ಡೀನಾ ವೈನ್‌ಸ್ಟೀನ್ ಈ ಸಂಗೀತದ ಸಮಾಜಶಾಸ್ತ್ರವನ್ನೇ ಪುಸ್ತಕವಾಗಿ ಬರೆದರು. 1993ರಲ್ಲಿ ಸಂಗೀತಶಾಸ್ತ್ರಜ್ಞ ರಾಬರ್ಟ್ ವಾಲ್ಸರ್, ಮೆಟಲ್ ಗಿಟಾರಿಸ್ಟ್‌ಗಳು ಬಾಖ್, ವಿವಾಲ್ಡಿ, ಪಗನೀನಿಯಂಥ ಯುರೋಪಿನ ಹಳೇ ಶಾಸ್ತ್ರೀಯ ಸಂಗೀತಗಾರರಿಂದ ಏನೇನು ಕಲಿತಿದ್ದಾರೆ ಅಂತ ಸ್ವರ ಸ್ವರ ಬಿಡಿಸಿ ತೋರಿಸಿದರು. ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ ಹದಿಹರೆಯದ ಕೇಳುಗರನ್ನೇ ಮಾತಾಡಿಸಿದಾಗ ಬಹಳ ಹುಡುಗರು ಹೇಳಿದ್ದು ಒಂದೇ ತರ: ಸಿಟ್ಟು ಬಂದಾಗ ಕೇಳ್ತೀವಿ, ಆಮೇಲೆ ತಣ್ಣಗಾಗ್ತೀವಿ.

ಅವರು ಹೇಳಿದ್ರು ಸರಿ, ಆದ್ರೆ ಬಾಯಿಮಾತನ್ನ ಅಳೆಯೋದು ಹೇಗೆ? ನಾನು ಈ ವಿಡಿಯೋ ಮಾಡ್ತಿರೋದೇ ಈಗ ಹೇಳೋ ಪ್ರಯೋಗಕ್ಕಾಗಿ. ನನಗೆ ಇದು ಅಷ್ಟು ಇಷ್ಟ, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

[ಅನಿಮೇಷನ್: ಎರಡು ಕಣ್ಣು, ಎರಡು ಬೇರೆ ಬೇರೆ ಚಿತ್ರ]

ನಿಮ್ಮ ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಪೂರ್ತಿ ಬೇರೆ ಚಿತ್ರ, ಒಂದೇ ಸಮಯಕ್ಕೆ ತೋರಿಸಿದ್ರೆ ಏನು ಕಾಣುತ್ತೆ? ಎರಡೂ ಕಲೆತ ಚಿತ್ರ ಅಂದ್ಕೋತೀವಿ. ಹಾಗಾಗಲ್ಲ. ಹೆಚ್ಚಿನ ಹೊತ್ತು ಮಿದುಳು ಒಂದನ್ನ ಮುಂದಿಟ್ಟು ಇನ್ನೊಂದನ್ನ ಅಡಗಿಸುತ್ತೆ. ಸ್ವಲ್ಪ ಹೊತ್ತಿಗೆ ಅದು ಮರೆಯಾಗಿ ಇನ್ನೊಂದು ಎದ್ದು ಬರುತ್ತೆ. ಹೀಗೇ ಅದಲು ಬದಲು. ಯಾವುದನ್ನ ನೋಡಬೇಕು ಅಂತ ನಾವು ಕೂತು ಆರಿಸೋ ವಿಷಯ ಅಲ್ಲ ಇದು, ಹಾಗಾಗಿ ನಾಟಕ ಆಡೋದು ಕಷ್ಟ. ಇಲ್ಲೇ ಇದರ ಬೆಲೆ ಇರೋದು. ‘ನಿಮಗೆ ಹಿಂಸೆ ನೋಡಿದ್ರೆ ಬೇಜಾರಾಗುತ್ತಾ?’ ಅಂತ ಕೇಳಿದ್ರೆ ಯಾರು ಬೇಕಾದ್ರೂ ಒಳ್ಳೆಯವರ ಹಾಗೆ ಉತ್ತರ ಕೊಡಬಹುದು. ಕಣ್ಣು ಹಾಗೆ ಸುಲಭಕ್ಕೆ ಸುಳ್ಳು ಹೇಳಲ್ಲ.

ಒಂದು ಕಣ್ಣಿಗೆ ಹಿಂಸೆಯ ಚಿತ್ರ, ಇನ್ನೊಂದಕ್ಕೆ ಸಾಮಾನ್ಯ ಚಿತ್ರ ತೋರಿಸಿದ್ರೆ ಹಿಂಸೆಯ ಚಿತ್ರವೇ ಹೆಚ್ಚು ಹೊತ್ತು ಕಾಣುತ್ತೆ. ಕತ್ತಲಲ್ಲಿ ಬಿದ್ದಿರೋದು ಹಗ್ಗವೇ ಆದ್ರೂ ಮೊದಲು ಹಾವೇ ಕಾಣುತ್ತಲ್ಲ, ಹಾಗೆ. ಹಾವನ್ನ ಹಗ್ಗ ಅಂದುಕೊಂಡವರು ಉಳಿಯಲ್ಲ, ಹಗ್ಗವನ್ನ ಹಾವು ಅಂದುಕೊಂಡವರು ಒಂದು ಸಲ ಬೆಚ್ಚಿ ಮುಂದೆ ಹೋಗ್ತಾರೆ. ಅಪಾಯಕ್ಕೆ ಮೊದಲ ಗಮನ ಕೊಡೋದು ಮಿದುಳಿನ ಹಳೇ ಅಭ್ಯಾಸ.

ಈಗ ಪಂದ್ಯ ಗೊತ್ತಾಯ್ತಾ? ಮೆಟಲ್ ಕೇಳಿ ಕೇಳಿ ಮನಸ್ಸು ನಿಜಕ್ಕೂ ಮರಗಟ್ಟಿದ್ರೆ ಅವರಿಗೆ ಹಾವು ಹಾವಾಗಿ ಕಾಣಬಾರದು. ಹಿಂಸೆಯ ಚಿತ್ರಕ್ಕೆ ಆ ಮೇಲುಗೈ ಸಿಗಬಾರದು.

ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿ ಯಾನನ್ ಸುನ್, ಬಿಲ್ ಥಾಂಪ್ಸನ್ ಮತ್ತು ಜೊತೆಗಾರರು ಇದನ್ನೇ ಮಾಡಿ ನೋಡಿದರು, 2019ರಲ್ಲಿ ಪ್ರಕಟಿಸಿದರು. 32 ಜನ ಇಂಥ ಸಂಗೀತದ ಅಭಿಮಾನಿಗಳು, 48 ಜನ ಅಲ್ಲದವರು. ಚಿತ್ರ ನೋಡುವಾಗ ಕಿವಿಗೆ ಒಮ್ಮೆ ಬ್ಲಡ್‌ಬಾತ್ ಬ್ಯಾಂಡಿನ ‘ಈಟನ್’. ನರಭಕ್ಷಣೆಯ ಹಾಡು ಅದು. ಇನ್ನೊಮ್ಮೆ ಫ್ಯಾರೆಲ್ ವಿಲಿಯಮ್ಸ್‌ನ ಖುಷಿಯ ಪಾಪ್ ಹಾಡು ‘ಹ್ಯಾಪಿ’.

ಫಲಿತಾಂಶ? ಅಭಿಮಾನಿಗಳ ಮಿದುಳೂ ಉಳಿದವರ ಹಾಗೇ ಹಿಂಸೆಯ ಚಿತ್ರಕ್ಕೆ ಹೆಚ್ಚು ಒತ್ತು ಕೊಡ್ತು. ಮರಗಟ್ಟಿದ ಲಕ್ಷಣ ಸಿಗಲಿಲ್ಲ.

[ಎರಡು ಸೆಕೆಂಡ್ ಮೌನ]

ನನಗೆ ಇದು ಯಾಕೆ ಇಷ್ಟ ಅಂದ್ರೆ, ಈ ಪ್ರಯೋಗ ಯಾರ ಪರವಾಗಿಯೂ ವಾದ ಮಾಡಲ್ಲ. ಹೆದರಿದ ಅಪ್ಪ ಅಮ್ಮಂದಿರ ಅನುಮಾನವನ್ನ ಪೂರ್ತಿ ಗಂಭೀರವಾಗಿ ತಗೊಂಡು, ಅದು ನಿಜವಾದ್ರೆ ಏನು ಕಾಣಬೇಕು ಅಂತ ಕೇಳಿ, ಅದನ್ನೇ ಹುಡುಕಿತು. 80 ಜನರ ಪ್ರಯೋಗಾಲಯದ ಅಧ್ಯಯನ ಇದು. ಎಲ್ಲಾ ಕಾಲಕ್ಕೂ, ಎಲ್ಲಾ ಮಕ್ಕಳಿಗೂ ಇದೊಂದೇ ಸಾಕು ಅಂತ ನಾನು ಹೇಳಲ್ಲ. ಆದ್ರೆ ‘ಮನಸ್ಸು ಕಲ್ಲಾಗುತ್ತೆ’ ಅಂತ ಇನ್ಮುಂದೆ ಹೇಳೋರು ಇದಕ್ಕೆ ಉತ್ತರ ಕೊಟ್ಟು ಮುಂದೆ ಹೋಗಬೇಕು.

ಹಾಗಾದ್ರೆ ಹುಡುಗರು ಹೇಳಿದ ‘ತಣ್ಣಗಾಗ್ತೀವಿ’ ಮಾತು? 2015ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶರ್ಮನ್, ಜೆನೆವೀವ್ ಡಿಂಗಲ್ ಅದನ್ನ ಪರೀಕ್ಷೆ ಮಾಡಿದರು. 18ರಿಂದ 34 ವಯಸ್ಸಿನ 39 ಕೇಳುಗರು. 16 ನಿಮಿಷ ಅವರ ಹಳೇ ಸಿಟ್ಟನ್ನ ಕೆದಕೋ ಮಾತುಕತೆ. ಆಮೇಲೆ 10 ನಿಮಿಷ ಕೆಲವರಿಗೆ ಅವರವರ ಇಷ್ಟದ ಹಾಡು, ಕೆಲವರಿಗೆ ಮೌನ. ಸುಮ್ಮನೆ ಕೂತವರ ಎದೆಬಡಿತ ಇಳೀತು. ಹಾಡು ಕೇಳಿದವರದ್ದು ಇಳೀಲಿಲ್ಲ, ಸಿಟ್ಟಿನ ವೇಗದಲ್ಲೇ ಉಳೀತು. ಮನಸ್ಸಿನ ಕಥೆ ಬೇರೆ. ದ್ವೇಷ, ಕಿರಿಕಿರಿ, ಒತ್ತಡ ಎರಡೂ ಗುಂಪಿನಲ್ಲಿ ಇಳೀತು, ಹಾಡು ಕೇಳಿದವರಲ್ಲಿ ಅದರ ಜೊತೆಗೆ ಉತ್ಸಾಹವೂ ಹೆಚ್ಚಾಯ್ತು. ಅಂದ್ರೆ ಹಾಡು ಅವರ ಮೈಯನ್ನ ಮಲಗಿಸಲಿಲ್ಲ, ಸಿಟ್ಟಿನ ಜಾಗಕ್ಕೆ ಹುರುಪು ತಂದು ಕೂರಿಸಿತು.

ವಿಡಿಯೋ ಉದ್ದ ಆಗ್ತಿದೆ, ಉಳಿದ ಎರಡು ವಿಷಯ ಒಟ್ಟಿಗೆ ಹೇಳಿಬಿಡ್ತೀನಿ.

ಮೊದಲನೇದು ಅಭಿಮಾನಿಗಳು ಕೇಳಲೇಬೇಕಾದ್ದು. ಕೇಳೋರು ಹಿಂಸಾವಾದಿಗಳಲ್ಲ ಅಂದ ಮಾತ್ರಕ್ಕೆ ಈ ಲೋಕದಲ್ಲಿ ತಪ್ಪೇ ಇಲ್ಲ ಅಂತಲ್ಲ. 1990ರ ದಶಕದ ಮೊದಲಲ್ಲಿ ನಾರ್ವೆಯಲ್ಲಿ ಮೆಟಲ್‌ನ ಇನ್ನೊಂದು ಬಗೆಯಾದ ಬ್ಲ್ಯಾಕ್ ಮೆಟಲ್ ಗುಂಪಿನ ಕೆಲವರು ಚರ್ಚ್‌ಗಳಿಗೆ ಬೆಂಕಿ ಇಟ್ಟರು, ಕೊಲೆಗಳೂ ಆದವು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಕೀತ್ ಕಾನ್-ಹ್ಯಾರಿಸ್ 2007ರ ಪುಸ್ತಕದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಹಿಡಿದರು: ಜನಾಂಗದ್ವೇಷದ ಬ್ಯಾಂಡ್ ಎದುರಿಗಿದ್ದಾಗ ತಿಳಿವಳಿಕೆ ಇರೋ ಅಭಿಮಾನಿಗಳೇ ‘ನಮಗೆ ಸಂಗೀತ ಮುಖ್ಯ’ ಅಂತ ಜಾಣಕುರುಡು ತೋರಿಸ್ತಾರೆ. ಈ ಲೋಕದಲ್ಲಿ ಹೆಣ್ಣುಮಕ್ಕಳು ಎದುರಿಸೋದನ್ನ ರೋಸ್‌ಮರಿ ಹಿಲ್, ಕಪ್ಪು ಮಹಿಳೆಯರ ಅನುಭವವನ್ನ ಲೈನಾ ಡಾವ್ಸ್ ಬರೆದಿದ್ದಾರೆ. ಹಾಡಿನ ರಕ್ತಕ್ಕಿಂತ ಈ ಜಾಣಕುರುಡಿನ ಬಗ್ಗೆ ನನಗೆ ಹೆಚ್ಚು ಚಿಂತೆ.

[ಮೇಲಿನಿಂದ ತೆಗೆದ ಚಿತ್ರ: ವೇದಿಕೆ ಮುಂದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿರುವ ಜನ]

ಎರಡನೇದು ಮಾಷ್ ಪಿಟ್, ಅಂದ್ರೆ ವೇದಿಕೆ ಮುಂದೆ ಜನ ಬೇಕಂತಲೇ ಒಬ್ಬರಿಗೊಬ್ಬರು ಡಿಕ್ಕಿ ಹೊಡ್ಕೊಂಡು ಕುಣಿಯೋ ಜಾಗ. 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೆಸ್ಸಿ ಸಿಲ್ವರ್‌ಬರ್ಗ್ ಮತ್ತು ಸಂಗಡಿಗರು ಯೂಟ್ಯೂಬ್ ವಿಡಿಯೋಗಳಿಂದ ಈ ಜನರ ವೇಗ ಅಳೆದರು. ಒಂದು ಅನಿಲದ ಅಣುಗಳಲ್ಲಿ ವೇಗ ಹೇಗೆ ಹಂಚಿಕೆಯಾಗಿರುತ್ತೋ ಇಲ್ಲೂ ಹಾಗೇ ಇತ್ತು. ಪಕ್ಕದವರ ಜೊತೆ ಸಾಗಬೇಕು ಅನ್ನೋ ಒಂದು ನಿಯಮವನ್ನ ಕಂಪ್ಯೂಟರ್ ಮಾದರಿಗೆ ಸೇರಿಸಿದರೆ ಸಾಕು, ಅದೇ ಗುಂಪು ಸುಳಿಯಾಗಿ ಸುತ್ತೋಕೆ ಶುರು ಮಾಡುತ್ತೆ. ಮೆಟಲ್ ಸಂಗೀತ ಕಛೇರಿಗಳಲ್ಲಿ ಕಾಣೋ, ಜನ ವೃತ್ತವಾಗಿ ಓಡೋ ಸರ್ಕಲ್ ಪಿಟ್ ಇದೇ. ಬೆಂಕಿ ಬಿದ್ದಾಗ, ನೂಕುನುಗ್ಗಲಾದಾಗ ಜನ ಹೇಗೆ ಚಲಿಸ್ತಾರೆ ಅಂತ ತಿಳಿಯೋಕೆ ಯಾರೂ ಬೇಕಂತಲೇ ಬೆಂಕಿ ಹಚ್ಚಿ ಪ್ರಯೋಗ ಮಾಡೋ ಹಾಗಿಲ್ಲ. ಆ ಒತ್ತಡಕ್ಕೆ ಹತ್ತಿರದ ಸ್ಥಿತಿಗೆ ತಾವಾಗೇ ಇಳಿಯೋ ಜನ ಮೆಟಲ್ ಕಛೇರಿಯಲ್ಲಿ ಸಿಗ್ತಾರೆ. ಅದಕ್ಕೇ ಈ ಭೌತವಿಜ್ಞಾನಿಗಳು ಅಲ್ಲಿ ಹುಡುಕಿದ್ದು.