ಬ್ಯಾಣ ಸವರುವ ಮಿಷನ್

ಕೇಳುಗರೇ, ನಮಸ್ಕಾರ.

ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ನಾಲ್ಕು ಚಕ್ರದ ಒಂದು ಲಾನ್ ಮೋವರ್ ನಿಂತಿದೆ. ಈಗ ಅದರ ಮೇಲೆ ಕೋಳಿ ಕೂರುತ್ತದೆ. ಹುಲ್ಲು ಹೊಡೆಯಲು ತಂದಿದ್ದು. ಹೊಡೆದಿದ್ದು ಒಂದೇ ದಿನ.

ನಮ್ಮದು ಕೊಪ್ಪದ ಕಡೆ. ಮನೆ ಹಿಂದೆ ಒಂದೂವರೆ ಎಕರೆ ಬ್ಯಾಣ, ಅಂದರೆ ದನ ಮೇಯುವ ಹುಲ್ಲುಗಾವಲು. ಮೊದಲು ಎಂಟು ಹತ್ತು ಮಲೆನಾಡು ಗಿಡ್ಡ ದನ ಇದ್ದವು. ಬ್ಯಾಣ ತಾನಾಗೇ ಚೊಕ್ಕವಾಗಿರುತ್ತಿತ್ತು. ಕಾಯುವವರಿಲ್ಲ ಅಂತ ದನ ಎರಡಕ್ಕೆ ಇಳಿಸಿದೆವು. ಮೂರು ಮಳೆಗಾಲ ಕಳೆಯಿತು ನೋಡಿ, ಲಂಟಾನ, ಕಮ್ಯುನಿಸ್ಟ್ ಗಿಡ, ಮುಟ್ಟಿದರೆ ಮುನಿ ಎಲ್ಲ ಸೇರಿ ಕಾಲಿಡಲು ಜಾಗ ಇಲ್ಲ. ಪೇಟೆಯ ಅಂಗಡಿಯಲ್ಲಿ ಕೇಳಿದೆ. "ತಳ್ಕೊಂಡು ಹೋದ್ರೆ ಆಯ್ತು ಸಾರ್" ಅಂದರು. ತಂದೆ.

ಲಾನ್ ಮೋವರ್ ಮಾಡಿರುವುದು ಸಮತಟ್ಟು ಜಾಗಕ್ಕೆ, ಗೇಣುದ್ದದ ಹುಲ್ಲಿಗೆ. ಅದರ ಬ್ಲೇಡ್ ಇರುವುದು ನೆಲದ ಹತ್ತಿರ, ಮುಚ್ಚಳದ ಒಳಗೆ. ಎದೆಮಟ್ಟದ ಪೊದೆ ಅದರೊಳಗೆ ಹೋಗುವುದಾದರೂ ಹೇಗೆ? ಅಲ್ಪಸ್ವಲ್ಪ ಹೋಗಿದ್ದೂ ಸುತ್ತಿಕೊಂಡು ಇಂಜಿನ್ ನಿಂತಿತು. ಮತ್ತೆ ಶುರು ಮಾಡಿದೆ. ಜಂಬಿಟ್ಟಿಗೆ ಕಲ್ಲೊಂದು ಸಿಕ್ಕಿ ಬ್ಲೇಡ್ ಸೊಟ್ಟಗಾಯಿತು. ಅಲ್ಲಿಗೆ ಮುಗಿಯಿತು.

ಪೊದೆ ಬಿದ್ದ ಜಾಗದಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ ಅಂತ ನನಗೆ ಆಮೇಲೆ ಗೊತ್ತಾಗಿದ್ದು. ಮೊದಲ ಸಲ ಬಿಡಿಸುವುದು ಒಂದು. ವರ್ಷ ವರ್ಷ ಸವರುವುದು ಇನ್ನೊಂದು. ಮೊದಲನೆಯದಕ್ಕೆ ಮಿಷನ್ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಕಡೂರು, ಅರಸೀಕೆರೆ ಕಡೆಯ ಬಯಲಾದರೆ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಸಿ ಪೊದೆ ಕತ್ತರಿಸುವ ಸ್ಲಾಷರ್ ಸಾಕು. ಮಿಷನ್ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಇದೆಯಾ ಅಂತ ವಿಚಾರಿಸಿ. ನಮ್ಮಂಥ ಇಳಿಜಾರಿಗೆ ಟ್ರ್ಯಾಕ್ಟರ್ ಇಳಿಸುವ ಧೈರ್ಯ ಬೇಡ, ಮಗುಚುತ್ತದೆ. ಇಲ್ಲಿ ಆಳು, ಕತ್ತಿ, ಪಿಕಾಸಿಯೇ ಗತಿ. ಲಂಟಾನವನ್ನಂತೂ ಬರೀ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಣ್ಣು ಹಸಿ ಇರುವಾಗ ಬೇರು ಸಮೇತ ಕೀಳಿಸಿ. ಕಿತ್ತಿದ್ದನ್ನು ದನ ಮೇಯುವಲ್ಲಿ ಬಿಡಬೇಡಿ. ಒಣಗಿದ ಎಲೆಯೂ ದನಕ್ಕೆ ವಿಷವೇ.

ಇನ್ನು ಕೊಳ್ಳುವ ಮಿಷನ್. ಎರಡು ಎಕರೆಯೊಳಗಿನ ಬ್ಯಾಣಕ್ಕೆ ನನ್ನ ಮತ ವೀಡ್ ಕಟರ್‌ಗೆ, ಅಂದರೆ ಉದ್ದ ಕೋಲಿನ ತುದಿಯಲ್ಲಿ ಬ್ಲೇಡ್ ತಿರುಗುವ, ಕೈಯಲ್ಲಿ ಹಿಡಿದು ಬೀಸುವ ಮಿಷನ್ನಿಗೆ. ಅದರಲ್ಲೂ ಪಕ್ಕಕ್ಕೆ ತೂಗುಹಾಕುವುದು, ಬೆನ್ನಿಗೆ ಹಾಕುವುದು ಅಂತ ಎರಡು ತರ. ಇಳಿಜಾರಲ್ಲಿ, ಮರಗಳ ಸಂದಿಯಲ್ಲಿ ಬೆನ್ನಿನದು ಸಲೀಸು. ಆದರೆ ಕಾಲು ಜಾರಿದಾಗ ಥಟ್ಟನೆ ಬಿಚ್ಚಿ ಇಡುವುದು ಕಷ್ಟ. ಅಂಗಡಿಯಲ್ಲೇ ಹೆಗಲಿಗೆ ಹಾಕಿ ಹತ್ತು ನಿಮಿಷ ನಿಂತು ನೋಡಿ. ನಾಚಿಕೆ ಬೇಡ.

ಫೋರ್ ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್ ಬೇರೆ, ಆಯಿಲ್ ಬೇರೆ. ಟೂ ಸ್ಟ್ರೋಕ್‌ಗೆ ಎರಡನ್ನೂ ಬೆರೆಸಬೇಕು. ಹೊಸ ಮಿಷನ್ನುಗಳಲ್ಲಿ ಜಾಸ್ತಿ ಕಾಣುವುದು 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ಕೆಲವಕ್ಕೆ 25ಕ್ಕೆ 1. ಪುಸ್ತಕದಲ್ಲಿ ಬರೆದಿರುವಷ್ಟೇ ಹಾಕಿ. ಕಣ್ಣಳತೆ ಬೇಡ. ಆಯಿಲ್ ಕಮ್ಮಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಆಮೇಲೆ ರಿಪೇರಿ ಖರ್ಚು ಕೇಳಬೇಡಿ.

ಎಳೆ ಹುಲ್ಲಿಗೆ ನೈಲಾನ್ ದಾರ ಸಾಕು. ಕಲ್ಲಿರುವ ಕಡೆಗೂ ಅದೇ ಒಳ್ಳೆಯದು. ಬಲಿತ ಹುಲ್ಲಿಗೆ, ಸಣ್ಣ ಪೊದೆಗೆ ಮೂರು ಹಲ್ಲಿನ ಬ್ಲೇಡ್. ಬೆರಳು ದಪ್ಪದ ಕಾಂಡಕ್ಕೆ ದುಂಡನೆಯ, ಜಾಸ್ತಿ ಹಲ್ಲಿನ ಬ್ಲೇಡ್. ಬ್ಲೇಡ್ ಸಾಮಾನ್ಯವಾಗಿ ಗಡಿಯಾರದ ಉಲ್ಟಾ ತಿರುಗುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಬೀಸಿ. ಬ್ಲೇಡನ್ನೇ ಗಡಿಯಾರ ಅಂದುಕೊಂಡರೆ, 12ರಿಂದ 3ರ ನಡುವಿನ ಭಾಗ ಮರಕ್ಕೆ ತಾಗಬಾರದು. ತಾಗಿತೋ, ಮಿಷನ್ ರಪ್ಪನೆ ಹಿಂದಕ್ಕೆ ಒದೆಯುತ್ತದೆ. 15 ಮೀಟರ್ ಒಳಗೆ ಯಾರೂ ಇರಬಾರದು. ಕಣ್ಣಿಗೆ ಕನ್ನಡಕ, ಕಾಲಿಗೆ ಗಮ್ ಬೂಟು.

ಹುಲ್ಲನ್ನು ಬೋಳಿಸಬೇಡಿ, ನಾಲ್ಕು ಇಂಚು ಉಳಿಸಿ. ಬುಡ ಉಳಿದರೆ ಬೇಗ ಚಿಗುರುತ್ತದೆ, ಕಳೆಗೆ ಬಿಸಿಲು ಸಿಗುವುದಿಲ್ಲ. ಕಮ್ಯುನಿಸ್ಟ್ ಗಿಡ ಮಳೆ ಮುಗಿದ ಮೇಲೆ ಹೂ ಬಿಡುತ್ತದೆ. ಹೂ ಬೀಜವಾಗಿ ಗಾಳಿಗೆ ಹಾರಿದರೆ ಮುಂದಿನ ವರ್ಷ ಮೊದಲಿಂದ ಶುರು. ಅದಕ್ಕೆ ಹೂವಿಗೆ ಮುಂಚೆ ಒಂದು ಸಲ ಕೈಯಾಡಿಸಲೇಬೇಕು.

ಮಳೆ ನಿಂತ ಮೇಲೆ ನಮ್ಮ ಕಡೆ ಉಣುಗಿನ ಕಾಟ ಬೇರೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ ಅಲ್ವಾ? ತುಂಬು ತೋಳಿನ ಅಂಗಿ ಹಾಕಿ. ಕೆಲಸ ಮುಗಿಸಿ ಬಂದವರು ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿಯೇ ಒಳಗೆ ಬನ್ನಿ.

ನಮ್ಮ ಬ್ಯಾಣದ ಈ ಸಲದ ಕೆಲಸ ನಾಳೆ ಶುರು. ಮಳೆ ಬಿಟ್ಟರೆ.

ನಮಸ್ಕಾರ.