ಕಾರು ಕುಸಿದರೆ ಮೊದಲು ಸೋರಿಕೆ ಹುಡುಕಿ

ಕೇಳುಗರಿಗೆಲ್ಲ ನಮಸ್ಕಾರ. ವಿಜಯಪುರದ ನಮ್ಮ ವರ್ಕ್‌ಶಾಪಿಗೆ ಈಗ ಏರ್ ಸಸ್ಪೆನ್ಷನ್ ಇರುವ ಸೆಕೆಂಡ್ ಹ್ಯಾಂಡ್ ಕಾರುಗಳು ಆಗಾಗ ಬರುತ್ತವೆ. ಮಾಲೀಕರಿಗೆ ನನ್ನದು ಒಂದೇ ಮಾತು: ಕಂಪ್ರೆಸರ್ ಬದಲಿಸುವ ಮೊದಲು ಸೋರಿಕೆ ಹುಡುಕಿ.

ಈ ಕಾರುಗಳಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ರಬ್ಬರಿನ ಗಾಳಿಚೀಲಗಳಿರುತ್ತವೆ. ಕಂಪ್ರೆಸರ್ ಗಾಳಿ ಒತ್ತುತ್ತದೆ, ಡ್ರೈಯರ್ ಅದರ ತೇವ ಹೀರುತ್ತದೆ, ವಾಲ್ವ್ ಬ್ಲಾಕ್ ಚೀಲಗಳಿಗೆ ಹಂಚುತ್ತದೆ. ಸೆನ್ಸರುಗಳು ಕಾರಿನ ಎತ್ತರ ಅಳೆದು ಕಂಪ್ಯೂಟರಿಗೆ ತಿಳಿಸುತ್ತವೆ. ಇಷ್ಟೇ, ಹೆದರುವಂಥದ್ದು ಏನೂ ಇಲ್ಲ.

ಮುಧೋಳ ಕಡೆಯ ಕಬ್ಬು ಬೆಳೆಗಾರರೊಬ್ಬರ ಕಾರು ದಿನಾ ಬೆಳಿಗ್ಗೆ ಮುಂದಿನ ಎಡಮೂಲೆಯಲ್ಲಿ ಕುಸಿದಿರುತ್ತಿತ್ತು. ಎಂಜಿನ್ ಚಾಲೂ ಮಾಡಿದರೆ ಏಳುತ್ತಿತ್ತು, ಹಾಗಾಗಿ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಿನ ಏಳಲೇ ಇಲ್ಲ. ಎಲ್ಲೋ ಹೊಸ ಕಂಪ್ರೆಸರ್ ಹಾಕಿಸಿದರು, ಬೇಸಿಗೆ ಮುಗಿಯುವುದರೊಳಗೆ ಅದೂ ಸುಟ್ಟಿತು. ನನ್ನ ಬಳಿ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಮತ್ತೊಂದರ ದರ ಕೇಳಿದರು. "ಗೌಡರೇ, ಸೈಕಲ್ ಟ್ಯೂಬ್ ಪಂಕ್ಚರ್ ಆದರೆ ಪಂಪು ಬದಲಿಸುತ್ತೀರಾ?" ಎಂದೆ. ಮುಖ ಬಿಗಿದುಕೊಂಡರು. ಹೊರಗಿನಿಂದ ಗಾಳಿ ತುಂಬಿ ಚೀಲದ ಮೇಲೆ ಸೋಪಿನ ನೀರು ಸಿಂಪಡಿಸಿದೆವು. ಏನೂ ಕಾಣಲಿಲ್ಲ. ಗೌಡರು ಗೆದ್ದವರಂತೆ ನನ್ನನ್ನು ನೋಡಿದರು. ಇನ್ನಷ್ಟು ಗಾಳಿ ತುಂಬಿ ಕಾರನ್ನು ಪೂರ್ತಿ ಮೇಲೆತ್ತಿದಾಗ ಚೀಲದ ಮಡಿಕೆ ಬಿಚ್ಚಿಕೊಂಡಿತು, ಅಲ್ಲಿ ನೊರೆ ಉಬ್ಬಿತು. ಕೂದಲೆಳೆಯಂಥ ಬಿರುಕು! ಅದರಲ್ಲಿ ಸೋರಿದ್ದನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ, ಕಾದು, ಸುಟ್ಟಿತ್ತು. ಮೊದಲೇ ಚೀಲ ಬದಲಿಸಿದ್ದರೆ ಎರಡು ಕಂಪ್ರೆಸರುಗಳ ಹಣ ಉಳಿಯುತ್ತಿತ್ತು. ಗೌಡರು ಈಗಲೂ ಎದುರಾದರೆ ಸೈಕಲ್ ಪಂಪಿನ ಮಾತೆತ್ತಿ ನಗುತ್ತಾರೆ.

ಸಮಯವಾಯಿತೆಂದು ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳುತ್ತೇನೆ. ರಾತ್ರಿ ಕಾರು ನಿಲ್ಲಿಸಿದಾಗ ಪ್ರತಿ ಚಕ್ರದ ನಡುವಿನಿಂದ ಮೇಲಿನ ಕಮಾನಿನವರೆಗೆ ಟೇಪು ಹಿಡಿದು ಬರೆದಿಡಿ, ಬೆಳಿಗ್ಗೆ ಮತ್ತೆ ಅಳೆಯಿರಿ. ಕುಸಿದ ಮೂಲೆಯ ಚೀಲ, ಪೈಪು, ಜೋಡಣೆಗಳಲ್ಲಿ ಸೋರಿಕೆ ಹುಡುಕಿ. ಅಲ್ಲಿ ಸಿಗದಿದ್ದರೆ ವಾಲ್ವ್ ಬ್ಲಾಕ್ ನೋಡಿಸಿ. ಕಂಪ್ರೆಸರ್ ಬದಲಿಸಲೇಬೇಕಾದರೆ ಅದರ ರಿಲೇಯನ್ನೂ, ಅಂದರೆ ಅದನ್ನು ಚಾಲೂ, ಬಂದ್ ಮಾಡುವ ವಿದ್ಯುತ್ ಸ್ವಿಚ್ಚನ್ನೂ ಬದಲಿಸಿ. ರಿಲೇ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಹೊಸದೂ ಸುಡುತ್ತದೆ. ಡ್ರೈಯರ್ ತೇವ ಕುಡಿದು ತುಂಬಿದ್ದರೆ ನೀರು ವಾಲ್ವಿಗೆ ಹೋಗುತ್ತದೆ, ಆಗ ಡ್ರೈಯರನ್ನೂ ಬದಲಿಸಿ. ಚಕ್ರ ಬಿಚ್ಚುವ ಮೊದಲು, ಕಾರು ತಾನಾಗಿ ಏರಿಳಿಯದಂತೆ ತಡೆಯುವ ಜಾಕ್ ಮೋಡ್ ಆನ್ ಮಾಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ನುಸುಳಬೇಡಿ, ಗಾಳಿ ಇಳಿದರೆ ಕಾರು ಹೇಳಿ ಕೇಳಿ ಇಳಿಯುವುದಿಲ್ಲ. ನಮಸ್ಕಾರ.