ಗೋಧಿ ಹೊಲದ ನಡುವೆ ಒಂದು ಸ್ಟೇಡಿಯಂ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವದಂಚಿನಲ್ಲಿ ಪುಲ್‌ಮನ್ ಎಂಬ ಊರಿದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಗೋಧಿ ಬೆಳೆಯುವ ದಿಬ್ಬಗಳು. 2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 33 ಸಾವಿರಕ್ಕೆ ಸ್ವಲ್ಪ ಕಡಿಮೆ. ಅಲ್ಲಿನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೂರಬಹುದಾದವರೂ ಹೆಚ್ಚುಕಡಿಮೆ ಅಷ್ಟೇ ಮಂದಿ. ಊರಿಗೆ ಊರೇ ಎದ್ದು ಬಂದರೂ ಜಾಗಕ್ಕೆ ಕೊರತೆಯಿಲ್ಲ. ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕನ್ ಆಟ.

ಅಲ್ಲಿನ ವಿಶ್ವವಿದ್ಯಾಲಯಗಳು ಕಾನ್ಫರೆನ್ಸ್ ಎಂಬ ಕೂಟಗಳನ್ನು ಕಟ್ಟಿಕೊಂಡು ಆಡುತ್ತವೆ. ಪಶ್ಚಿಮ ಕರಾವಳಿಯ ಕೂಟದ ಹೆಸರು ಪ್ಯಾಕ್-12. ಅದರ ಬೇರು 1915ರಲ್ಲಿ ಪೋರ್ಟ್‌ಲ್ಯಾಂಡಿನ ಹೋಟೆಲೊಂದರಲ್ಲಿ ನಡೆದ ಸಭೆಯಲ್ಲಿದೆ. ನೆರೆಯವರು ನೆರೆಯವರೊಡನೆ ಆಡಬೇಕು, ರೈಲು ಹತ್ತಿ ಹೋಗಿ ಬರುವಂತಿರಬೇಕು: ಆ ಕಾಲದ ಲೆಕ್ಕ ಅಷ್ಟು ಸರಳ.

ಲೆಕ್ಕ ಕೆಡಿಸಿದ್ದು ಟಿವಿ. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಾಲೇಜು ಫುಟ್‌ಬಾಲ್ ಪ್ರಸಾರದ ಮೇಲೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಗಿದ್ದ ಹಿಡಿತವನ್ನು ಮುರಿಯಿತು. ಅಲ್ಲಿಂದ ಮುಂದೆ ಪ್ರಸಾರದ ಹಕ್ಕು ಮಾರಾಟದ ಸರಕು. ಯಾವ ತಂಡ ಎಷ್ಟು ಪಂದ್ಯ ಗೆದ್ದಿದೆ ಎಂಬುದಕ್ಕಿಂತ, ಅದರ ಹಿಂದೆ ಎಷ್ಟು ಮನೆಗಳ ಟಿವಿಗಳಿವೆ ಎಂಬುದೇ ದೊಡ್ಡದಾಯಿತು. ಗೋಧಿ ದಿಬ್ಬಗಳ ನಡುವೆ ಎಷ್ಟು ಟಿವಿ ಇದ್ದೀತು?

2022ರ ಜೂನ್ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಬಿಗ್ ಟೆನ್ ಕೂಟಕ್ಕೆ ಹೊರಟವು. ಮರುವರ್ಷದ ಬೇಸಿಗೆಯಲ್ಲಿ ಕಟ್ಟೆಯೇ ಒಡೆಯಿತು. ಜುಲೈ ಕೊನೆಯಲ್ಲಿ ಒಂದು ಸಂಸ್ಥೆ, ಆಗಸ್ಟ್ 4ರ ಒಂದೇ ದಿನ ಐದು ಸಂಸ್ಥೆಗಳು ಕಾಲ್ತೆಗೆದವು. ಸೆಪ್ಟೆಂಬರ್ 1ರಂದು, ಪೆಸಿಫಿಕ್ ಅಂಚಿನ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಅಟ್ಲಾಂಟಿಕ್ ಕರಾವಳಿಯ ಕೂಟಕ್ಕೆ ಸೇರಿದವು. ಬಿಗ್ ಟೆನ್‌ನಲ್ಲಿ ಈಗ ಇರುವುದು ಹದಿನೆಂಟು ಸದಸ್ಯರು. ಭೂಗೋಳವನ್ನೂ ಎಣಿಕೆಯನ್ನೂ ಹೀಗೆ ಏಕಕಾಲಕ್ಕೆ ಕೈಬಿಟ್ಟವರು ವಿಶ್ವವಿದ್ಯಾಲಯದವರೇ ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ.

ಹನ್ನೆರಡರಲ್ಲಿ ಉಳಿದದ್ದು ಎರಡು: ಪುಲ್‌ಮನ್ನಿನ ವಾಷಿಂಗ್ಟನ್ ಸ್ಟೇಟ್, ಕೊರ್ವಾಲಿಸ್‌ನ ಒರೆಗಾನ್ ಸ್ಟೇಟ್. ಎರಡೂ ಕೃಷಿ ಕಾಲೇಜುಗಳಾಗಿ ಬೆಳೆದವು, ಎರಡೂ ಸಣ್ಣ ಊರಿನವು. ಕೂಟದ ಆಡಳಿತ ಯಾರ ಕೈಯಲ್ಲಿರಬೇಕೆಂದು ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಮನೆ ಉಳಿಯಿತು, ಮನೆಯಲ್ಲಿ ಜನವಿಲ್ಲ. 2024ರಲ್ಲಿ ಫುಟ್‌ಬಾಲ್ ಪಂದ್ಯಗಳಿಗಾಗಿ ಮೌಂಟನ್ ವೆಸ್ಟ್ ಎಂಬ ಮತ್ತೊಂದು ಕೂಟವನ್ನು ಆಶ್ರಯಿಸಬೇಕಾಯಿತು. ಬಾಸ್ಕೆಟ್‌ಬಾಲ್ ಮುಂತಾದವಕ್ಕೆ ವೆಸ್ಟ್ ಕೋಸ್ಟ್ ಕೂಟದ ಜಗಲಿ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಯಾಟಲ್‌ನಲ್ಲಿ ನಡೆದ ಪಂದ್ಯವನ್ನು ಹೇಳಲೇಬೇಕು. ಕೂಟ ತೊರೆದುಹೋದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೂ ವಾಷಿಂಗ್ಟನ್ ಸ್ಟೇಟಿಗೂ 1900ರಿಂದ ಬಂದ ಪೈಪೋಟಿ ಅದು. ಕೊನೆಯ ಗಳಿಗೆಯಲ್ಲಿ ಎದುರಾಳಿಯನ್ನು ಗೆರೆಯ ಬಳಿಯೇ ತಡೆದು, 24-19ರಿಂದ ಗೆದ್ದದ್ದು ಪುಲ್‌ಮನ್ನಿನವರು. ಆದರೆ ಋತು ಮುಗಿಯುವಷ್ಟರಲ್ಲಿ ಆ ಗೆಲುವಿನ ತರಬೇತುದಾರ ಜೇಕ್ ಡಿಕರ್ಟ್ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ, ಚೆಂಡೆಸೆದು ದಾಳಿ ನಡೆಸುವ ಆಟಗಾರ ಅಂದರೆ ಕ್ವಾರ್ಟರ್‌ಬ್ಯಾಕ್ ಜಾನ್ ಮಟೀರ್ ಒಕ್ಲಹೋಮಕ್ಕೆ ಹೊರಟುಹೋದರು. ಹಿಂದಿನ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಮಯಾಮಿಗೆ ಹೋಗಿ, 2025ರ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಮೊದಲನೆಯವನಾದ. ಸಸಿ ನೆಟ್ಟು ನೀರುಣಿಸುವುದು ಇವರ ಪಾಲು, ಹಣ್ಣು ಕೀಳುವುದು ಬೇರೆಯವರ ಪಾಲು. ಹುಡುಗರನ್ನು ದೂರಲಾರೆ, ನಾಲ್ಕೈದು ವರ್ಷದ ಆಟದಲ್ಲಿ ಅವರೂ ಬದುಕು ನೋಡಿಕೊಳ್ಳಬೇಕು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ಕೊರತೆ ಬಿದ್ದದ್ದು ಫುಟ್‌ಬಾಲಿನ ಹಣಕ್ಕೆ, ಬರೆ ಬಿದ್ದದ್ದು ಅಥ್ಲೆಟಿಕ್ಸಿಗೆ. 1978ರಲ್ಲಿ 81 ದಿನಗಳೊಳಗೆ ನಾಲ್ಕು ವಿಶ್ವದಾಖಲೆ ಮುರಿದ ಕೀನ್ಯಾದ ಹೆನ್ರಿ ರೋನೊ ಓದುತ್ತಿದ್ದದ್ದು ಇದೇ ಪುಲ್‌ಮನ್ನಿನಲ್ಲಿ. 2025ರಲ್ಲಿ ಆ ವಿಶ್ವವಿದ್ಯಾಲಯ ಎಸೆತ, ಜಿಗಿತದ ಸ್ಪರ್ಧೆಗಳನ್ನು ಕೈಬಿಟ್ಟು ದೂರದ ಓಟವನ್ನು ಮಾತ್ರ ಮುಖ್ಯವಾಗಿ ಉಳಿಸಿಕೊಳ್ಳುವುದಾಗಿ ಹೇಳಿತು.

ಹಾಗೆಂದು ಕೂಟದಲ್ಲಿ ಉಳಿದ ಈ ಇಬ್ಬರನ್ನು ಬರೀ ನೊಂದವರೆಂದು ತಿಳಿಯಬೇಡಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆಶ್ರಯ ಕೊಟ್ಟ ಮೌಂಟನ್ ವೆಸ್ಟಿನಿಂದಲೇ 2024ರ ಸೆಪ್ಟೆಂಬರಿನಲ್ಲಿ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯೇಗೊ ಸ್ಟೇಟ್ ಸೇರಿದಂತೆ ಐದು ಸಂಸ್ಥೆಗಳನ್ನು ಪ್ಯಾಕ್-12 ತನ್ನತ್ತ ಸೆಳೆದುಕೊಂಡಿತು. ಹೀಗೆ ಸೆಳೆದರೆ ತೆರಬೇಕೆಂದು ಒಪ್ಪಂದದಲ್ಲೇ ಬರೆದಿದ್ದ ದಂಡದ ಮೇಲೆ ವ್ಯಾಜ್ಯವೂ ಹೂಡಿತು. ನಂತರ ಟೆಕ್ಸಸ್ ಸ್ಟೇಟ್ ಕೂಡ ಬಂತು. ಆ ಜಾಗ ತುಂಬಲು ಅದರ ಹಳೆಯ ಕೂಟ ಲೂಸಿಯಾನಾ ಟೆಕ್ ಅನ್ನು ಇನ್ನೊಂದು ಕೂಟದಿಂದ ಕರೆಸಿಕೊಂಡಿತು.

ಮೌಂಟನ್ ವೆಸ್ಟ್ ತನ್ನ ಖಾಲಿ ಜಾಗಕ್ಕೆ ಕರೆದವರಲ್ಲಿ ನಾರ್ದರ್ನ್ ಇಲಿನಾಯ್ಸ್ ವಿಶ್ವವಿದ್ಯಾಲಯವೂ ಒಂದು. ಅದಿರುವುದು ಷಿಕಾಗೋದ ಪಶ್ಚಿಮಕ್ಕೆ, ಮುಸುಕಿನ ಜೋಳ ಬೆಳೆಯುವ ಬಯಲಿನಲ್ಲಿ. ಕೂಟದ ಹೆಸರಿನಲ್ಲಿರುವ ಬೆಟ್ಟವೆಂಬುದು ಆ ಸೀಮೆಯಲ್ಲೇ ಇಲ್ಲ. ಅದೂ ಫುಟ್‌ಬಾಲಿಗೆ ಮಾತ್ರ. ಫುಟ್‌ಬಾಲ್ ತಂಡ ಹವಾಯಿ ದ್ವೀಪದವರಿರುವ ಕೂಟಕ್ಕೆ. ಅದೇ ಕಾಲೇಜಿನ ವಾಲಿಬಾಲ್ ಹುಡುಗಿಯರು ಅಕ್ಕಪಕ್ಕದ ರಾಜ್ಯಗಳ ಹೊರೈಜನ್ ಲೀಗಿಗೆ, ನೆರೆಯವರೊಡನೆ ಆಡಲು.

ನಮಸ್ಕಾರ.